ಮಣ್ಣಡಿಯ ಸೆಪ್ಟಿಕ್ ಟ್ಯಾಂಕ್ ಹುಡುಕುವುದು ಹೇಗೆ? ಗುದ್ದಲಿ ಹಿಡಿಯುವ ಮೊದಲು ಮಾಡಬೇಕಾದ ಕೆಲಸಗಳು

ಕಮೋಡಿನಲ್ಲಿ ನೀರು ನಿಧಾನವಾಗಿ ಇಳಿಯತೊಡಗಿದೆ. ಬಚ್ಚಲ ಜಾಲರಿಯಿಂದ ಗುಳುಗುಳು ಸದ್ದು ಬರುತ್ತಿದೆ. ಗುಂಡಿ ತುಂಬಿರಬೇಕು ಅಂತ ಸಕ್ಕಿಂಗ್ ಗಾಡಿಗೆ ಫೋನ್ ಮಾಡುತ್ತೀರಿ. ಗಾಡಿ ಬರುತ್ತದೆ. ಹುಡುಗ ಪೈಪನ್ನು ಹೆಗಲಿಗೆ ಹಾಕಿಕೊಂಡು ಇಳಿದು, ‘ಸಾರ್, ಮುಚ್ಚಳ ಎಲ್ಲಿದೆ?’ ಅಂತ ಕೇಳುತ್ತಾನೆ. ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಕಟ್ಟಿಸಿದವರು ಮನೆ ಮಾರಿ ಹೋಗಿದ್ದಾರೆ. ಹಿತ್ತಲಿಗೆ ಟೈಲ್ಸ್ ಬಂದಿದೆ, ಪಕ್ಕಕ್ಕೆ ಕಾರ್ ಶೆಡ್ ಬಂದಿದೆ. ಗುಂಡಿ ಎಲ್ಲೋ ಕೆಳಗಿದೆ.

ಇಂಥ ಹೊತ್ತಲ್ಲಿ ಹೆಚ್ಚಿನವರು ಕೂಲಿಯವರನ್ನು ಕರೆದು ಅಂದಾಜಿನ ಮೇಲೆ ಅಗೆಸುತ್ತಾರೆ. ನಾಲ್ಕು ಕಡೆ ಗುಂಡಿ ಬೀಳುತ್ತದೆ, ಒಂದು ಕಡೆ ನೀರಿನ ಪೈಪ್ ಒಡೆಯುತ್ತದೆ, ಹುಡುಕುತ್ತಿದ್ದ ಗುಂಡಿ ಮಾತ್ರ ಸಿಗುವುದಿಲ್ಲ. ಅಗೆತ ಕೊನೆಯ ಕೆಲಸ. ಪಾಯಿಖಾನೆಯಿಂದ ಹೊರಟ ನೀರು ಇಳಿಜಾರಿನ ಕಡೆಗೇ ಹೋಗಬೇಕು, ಅದಕ್ಕೆ ಬೇರೆ ದಾರಿ ಇಲ್ಲ. ಆ ದಾರಿಯನ್ನು ಒಳಗಿನಿಂದ ಹೊರಗೆ ಹಿಂಬಾಲಿಸಿದರೆ, ಗುದ್ದಲಿ ಮುಟ್ಟುವ ಹೊತ್ತಿಗೆ ಟ್ಯಾಂಕ್ ಎಷ್ಟು ಅಡಿ ದೂರದಲ್ಲಿ, ಎಷ್ಟು ಆಳದಲ್ಲಿ ಇದೆ ಅಂತ ಬಹುಮಟ್ಟಿಗೆ ಗೊತ್ತಾಗಿರುತ್ತದೆ.

ಓಡಾಡುವ ಮೊದಲು

ಗುಂಡಿ ಎಲ್ಲಿದೆ ಅಂತ ಗೊತ್ತಿಲ್ಲ ಅಂದರೆ ನೀವು ಈಗಲೇ ಅದರ ಮೇಲೆ ನಿಂತಿರಬಹುದು. ಹಳೆಯ ಗುಂಡಿಗಳ ಮೇಲೆ ಕಡಪ ಕಲ್ಲೋ, ಚಪ್ಪಡಿಯೋ, ತೆಳು ಕಾಂಕ್ರೀಟ್ ಹಲಗೆಯೋ ಹಾಕಿರುತ್ತಾರೆ. ಒಳಗಿನ ಗಾಳಿಗೆ ಕಾಂಕ್ರೀಟಿನ ಕಂಬಿ ತುಕ್ಕು ಹಿಡಿಯುತ್ತದೆ. ಮೇಲಿನಿಂದ ನೋಡಿದರೆ ಏನೂ ಕಾಣುವುದಿಲ್ಲ, ಕೆಳಗಿನಿಂದ ಪದರ ಪದರವಾಗಿ ಉದುರಿರುತ್ತದೆ. ಹಾಗಾಗಿ ಹುಡುಕುವಷ್ಟು ದಿನ ಅನುಮಾನ ಇರುವ ಜಾಗಕ್ಕೆ ಕಾರು ತರಬೇಡಿ, ಮಕ್ಕಳನ್ನೂ ದನಕರುಗಳನ್ನೂ ಬಿಡಬೇಡಿ. ನೆಲ ಕುಸಿದಂತೆ ಕಂಡರೆ, ತುಳಿದಾಗ ಸ್ವಲ್ಪ ಅಲುಗಿದರೆ, ಕಾಲಿಟ್ಟು ಪರೀಕ್ಷೆ ಮಾಡುವ ಸಾಹಸ ಬೇಡ. ಉದ್ದ ಕೋಲು ಸಾಕು. ಒಬ್ಬರೇ ಇದ್ದಾಗ ಈ ಕೆಲಸಕ್ಕೆ ಇಳಿಯಬೇಡಿ.

ಹುಡುಕುತ್ತಿರುವುದು ಏನನ್ನು?

ನಮ್ಮಲ್ಲಿ ಪಾಯಿಖಾನೆಯ ನೀರು ಹೋಗುವ ಎಲ್ಲದಕ್ಕೂ ‘ಸೆಪ್ಟಿಕ್ ಟ್ಯಾಂಕ್’ ಅಂತಲೇ ಹೆಸರು. ಮಣ್ಣಿನ ಕೆಳಗೆ ಇರುವುದು ಬೇರೆ ಬೇರೆ.

ನಿಜವಾದ ಸೆಪ್ಟಿಕ್ ಟ್ಯಾಂಕ್ ಆಯತಾಕಾರದ ತೊಟ್ಟಿ. ಇಟ್ಟಿಗೆಯದ್ದು, ಸೈಜ್ ಕಲ್ಲಿನದ್ದು, ಕರಾವಳಿಯಲ್ಲಾದರೆ ಮುರಕಲ್ಲಿನದ್ದು. ಭಾರತೀಯ ಮಾನಕ ಸಂಸ್ಥೆಯ ಐಎಸ್ 2470 ನಿಯಮದ ಪ್ರಕಾರ 5 ಜನರ ಮನೆಗೆ ಒಳ ಅಳತೆ 1.5 ಮೀಟರ್ ಉದ್ದ, 75 ಸೆಂಟಿಮೀಟರ್ ಅಗಲ, ಸುಮಾರು 1 ಮೀಟರ್ ಆಳದ ನೀರು. ಅಂದರೆ ಐದಡಿಗೆ ಎರಡೂವರೆ ಅಡಿ. ‘ಹೇಗೂ ತೋಡ್ತಿದ್ದೀವಿ’ ಅಂತ ಇದಕ್ಕಿಂತ ದೊಡ್ಡದನ್ನು ಕಟ್ಟಿಸಿದವರೇ ಜಾಸ್ತಿ. ಉದ್ದ ಹೆಚ್ಚಾಗಿ ಅಗಲದ ಎರಡರಿಂದ ನಾಲ್ಕು ಪಟ್ಟು ಇರುತ್ತದೆ. ಪೈಪ್ ಸಾಮಾನ್ಯವಾಗಿ ಅಗಲದ ಕಡೆಯ ಗಿಡ್ಡ ಗೋಡೆಯಿಂದ ಒಳಗೆ ಬಂದು ಎದುರಿನ ಗಿಡ್ಡ ಗೋಡೆಯಿಂದ ಹೊರಗೆ ಹೋಗುತ್ತದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಎರಡನೆಯದು ರಿಂಗ್ ಗುಂಡಿ. ಮೂರು–ನಾಲ್ಕು ಅಡಿ ಅಗಲದ ಸಿಮೆಂಟ್ ರಿಂಗುಗಳನ್ನು ಒಂದರ ಮೇಲೊಂದು ಇಳಿಸಿ ಮೇಲೆ ದುಂಡನೆಯ ಮುಚ್ಚಳ ಹಾಕಿರುತ್ತಾರೆ. ಊರ ಹೊರಗಿನ ಬಡಾವಣೆಗಳಲ್ಲಿ ಇದೇ ಹೆಚ್ಚು. ಇದರಲ್ಲಿ ನೀರು ಪಕ್ಕಕ್ಕೂ ತಳಕ್ಕೂ ಇಂಗುತ್ತದೆ, ಹೊರಹೋಗುವ ಪೈಪ್ ಬಹಳ ಸಲ ಇರುವುದೇ ಇಲ್ಲ.

ಮೂರನೆಯದು ಹಳ್ಳಿಗಳಲ್ಲಿ ಸ್ವಚ್ಛ ಭಾರತದಂಥ ಯೋಜನೆಗಳಲ್ಲಿ ಕಟ್ಟಿದ ಜೋಡಿ ಗುಂಡಿ. ಶೌಚಾಲಯದ ಹಿಂದೆ ಒಂದು ಪುಟ್ಟ ಚೇಂಬರ್ (ಪೈಪುಗಳು ಸೇರುವ, ಮುಚ್ಚಳ ತೆರೆದು ನೋಡಬಹುದಾದ ಸಣ್ಣ ತೊಟ್ಟಿ), ಅದರಿಂದ ಎರಡು ಕವಲು, ಎರಡು ದುಂಡು ಗುಂಡಿ. ಒಂದು ಕವಲನ್ನು ಮುಚ್ಚಿ ಇನ್ನೊಂದನ್ನು ಬಳಸುವ ವ್ಯವಸ್ಥೆ ಇದು. ಚೇಂಬರ್ ಸಿಕ್ಕಿತೆಂದರೆ ಎರಡೂ ಗುಂಡಿ ಸಿಕ್ಕಿದಂತೆ. ಇದಕ್ಕೆ ಮುಂದಿನ ತಲೆನೋವು ಯಾವುದೂ ಬೇಡ.

ಕೇಳಿ ತಿಳಿಯುವುದು

ಹಳೆಯ ಮಾಲೀಕರೋ, ಗಾರೆ ಕೆಲಸ ಮಾಡಿದ ಮೇಸ್ತ್ರಿಯೋ ಇದ್ದರೆ ಫೋನ್ ಮಾಡಿ. ಆದರೆ ‘ಗುಂಡಿ ಎಲ್ಲಿದೆ?’ ಅಂತ ನೇರವಾಗಿ ಕೇಳಿದರೆ ‘ಅಲ್ಲೇ ಹಿಂದುಗಡೆ’ ಅನ್ನುವ ಉತ್ತರ ಸಿಗುತ್ತದೆ, ಅಷ್ಟೆ. ಜನಕ್ಕೆ ಜಾಗಕ್ಕಿಂತ ನಡೆದ ಪ್ರಸಂಗ ಚೆನ್ನಾಗಿ ನೆನಪಿರುತ್ತದೆ. ‘ಮೇಸ್ತ್ರಿ, ಗುಂಡಿ ತೋಡುವಾಗ ಬಂಡೆ ಸಿಕ್ತಾ? ತೆಗೆದ ಮಣ್ಣು ಎಲ್ಲಿ ಸುರಿದ್ರಿ? ಚಪ್ಪಡಿ ಒಳಗೆ ತರೋಕೆ ಗೇಟಿಂದ ಆಯ್ತಾ, ಕಾಂಪೌಂಡ್ ಮೇಲಿಂದ ಇಳಿಸಿದ್ರಾ?’ ಅಂತ ಕೇಳಿ ನೋಡಿ. ‘ಅಯ್ಯೋ, ಆ ಸೀಬೆ ಗಿಡದ ಬುಡ ಅರ್ಧ ಕತ್ತರಿಸಬೇಕಾಯ್ತು ಸಾರ್’ ಅಂತ ಜಾಗ ತಾನಾಗಿ ಬಾಯಿಗೆ ಬರುತ್ತದೆ.

ಪಕ್ಕದ ಮನೆಯ ಅಜ್ಜಿಯನ್ನು ಮರೆಯಬೇಡಿ. ಹಿಂದಿನ ಸಲ ಗಾಡಿ ಬಂದಾಗ ವಾಸನೆ ಕುಡಿದವರು ಅವರೇ. ಪೈಪ್ ಯಾವ ಸಂದಿಯಲ್ಲಿ ಹೋಗಿತ್ತು ಅಂತ ಅವರಿಗೆ ಗೊತ್ತಿರುತ್ತದೆ.

ಆಮೇಲೆ ಕಾಗದ. ನಗರಸಭೆಯಿಂದಲೋ ಪಂಚಾಯಿತಿಯಿಂದಲೋ ಮಂಜೂರಾದ ಮನೆಯ ನಕ್ಷೆ ಇದ್ದರೆ ಅದರಲ್ಲಿ ಸೈಟಿನ ಚಿತ್ರ ನೋಡಿ. ಟ್ಯಾಂಕನ್ನು ‘ಎಸ್‌ಟಿ’ ಅಂತಲೂ, ಟ್ಯಾಂಕಿನಿಂದ ಹೊರಬಂದ ನೀರು ಮಣ್ಣಿಗೆ ಇಂಗುವ ಇಂಗುಗುಂಡಿಯನ್ನು ‘ಎಸ್‌ಪಿ’ ಅಂತಲೂ ಚೇಂಬರನ್ನು ‘ಐಸಿ’ ಅಂತಲೂ ಗುರುತು ಮಾಡಿರುತ್ತಾರೆ. ನಕ್ಷೆಯಲ್ಲಿ ಇದ್ದಂತೆಯೇ ಕಟ್ಟಿದ್ದಾರೆ ಅಂತ ನಂಬಿ ಕೂರಬೇಡಿ. ನಕ್ಷೆ ಮಂಜೂರಾತಿಗೆ, ಗುಂಡಿ ಮೇಸ್ತ್ರಿಯ ಅನುಕೂಲಕ್ಕೆ. ಆದರೂ ಮೊದಲು ಹುಡುಕಬೇಕಾದ ಕಡೆ ಯಾವುದು ಅನ್ನುವುದಕ್ಕೆ ಅದು ಸಾಕು. ಗೃಹಪ್ರವೇಶದ ಆಲ್ಬಮ್ಮನ್ನೂ ತೆಗೆಯಿರಿ. ಹಿತ್ತಲಲ್ಲಿ ಅಡುಗೆಯವರು ಒಲೆ ಹೂಡಿದ ಫೋಟೊದ ಹಿಂದೆ ಹೊಸ ಸಿಮೆಂಟಿನ ಚೌಕ ಇಣುಕುವುದುಂಟು. ಕಂಪ್ಯೂಟರಿನಲ್ಲಿ ಗೂಗಲ್ ಅರ್ಥ್ ತೆರೆದರೆ ಹಳೆಯ ವರ್ಷಗಳ ಚಿತ್ರಗಳನ್ನೂ ನೋಡಬಹುದು. ಶೆಡ್ ಹಾಕುವ ಮೊದಲು ಆ ಜಾಗ ಹೇಗಿತ್ತು ಅನ್ನುವುದು ಕೆಲವೊಮ್ಮೆ ಅಲ್ಲಿ ಸಿಗುತ್ತದೆ.

ಇನ್ನೊಂದು ಸುಳಿವು ವಾಸ್ತು. ನೀವು ನಂಬುತ್ತೀರೋ ಬಿಡುತ್ತೀರೋ ಬೇರೆ ಮಾತು, ಕಟ್ಟಿಸಿದವರು ನಂಬಿದ್ದರೆ ಸಾಕು. ವಾಸ್ತು ನೋಡಿ ಕಟ್ಟಿಸಿದ ಮನೆಯಲ್ಲಿ ಈಶಾನ್ಯದಲ್ಲಿ ಸಂಪೋ ಬೋರ್‌ವೆಲ್ಲೋ ಇರುತ್ತದೆ, ಪಾಯಿಖಾನೆ ಗುಂಡಿಯನ್ನು ಹೆಚ್ಚಾಗಿ ವಾಯುವ್ಯದ ಕಡೆ ಹಾಕಿಸಿರುತ್ತಾರೆ. ಬಾವಿ ಇರುವ ಮನೆಯಲ್ಲಾದರೆ ಬಾವಿಯಿಂದ ಆದಷ್ಟು ದೂರದ ಮೂಲೆ ನೋಡಿ. ಇಂಗುಗುಂಡಿ ಬಾವಿಯಿಂದ 18 ಮೀಟರ್ ದೂರ ಇರಬೇಕು ಅನ್ನುತ್ತದೆ ನಿಯಮ. ಹತ್ತು ಸೆಂಟ್ಸ್ ಜಾಗದಲ್ಲಿ ಅದು ಸುಲಭವಲ್ಲ, ಆದರೂ ‘ದೂರ ಹಾಕು’ ಅನ್ನುವ ಲೆಕ್ಕ ಎಲ್ಲರಿಗೂ ಇತ್ತು. ಮಲೆನಾಡಿನ ಇಳಿಜಾರಿನ ಮನೆಗಳಲ್ಲಿ ಪ್ರಶ್ನೆಯೇ ಇಲ್ಲ. ಮನೆಗೂ ತೋಟಕ್ಕೂ ನಡುವಿನ ದರೆಯ ಮೇಲೆ ಹುಡುಕಿ.

ಪಾಯಿಖಾನೆಯಿಂದ ಗೋಡೆಗೆ

ಈಗ ನಿಜವಾದ ಕೆಲಸ. ಪಾಯಿಖಾನೆಯ ಹೊರಗೋಡೆಯ ಹತ್ತಿರ ಹೋಗಿ ನಿಲ್ಲಿ. ಮೇಲಂತಸ್ತಿನಿಂದ ಇಳಿಯುವ ನಾಲ್ಕಿಂಚಿನ ಪೈಪ್ ಕಾಣುತ್ತದೆ. ಅದೇ ಮಲದ ಪೈಪ್. ಅದರ ಪಕ್ಕದಲ್ಲೇ ಸ್ನಾನದ ನೀರಿನ ಪೈಪ್, ಮಳೆ ನೀರಿನ ಪೈಪ್ ಇರಬಹುದು. ತಾರಸಿಯ ಅಂಚಿನಿಂದ ಬಂದಿದ್ದರೆ ಮಳೆಯದ್ದು. ಕಮೋಡಿನ ಮಟ್ಟದಲ್ಲಿ ಕವಲು ಸೇರಿಕೊಂಡು, ತಾರಸಿಗಿಂತ ಮೇಲಕ್ಕೆ ಹೋಗಿ ಜಾಲರಿ ಟೋಪಿಯಲ್ಲಿ ಮುಗಿದಿದ್ದರೆ ನಿಮಗೆ ಬೇಕಾದ್ದು. ಅನುಮಾನ ಬಂದರೆ ಒಬ್ಬರು ಫ್ಲಷ್ ಮಾಡಲಿ, ಇನ್ನೊಬ್ಬರು ಪೈಪಿಗೆ ಕೈ ಇಟ್ಟು ನೋಡಲಿ. ನೀರು ದಡದಡ ಇಳಿಯುವುದು ಅಂಗೈಗೆ ಗೊತ್ತಾಗುತ್ತದೆ.

ಅಡುಗೆಮನೆ, ಬಚ್ಚಲ ನೀರಿನ ಹಿಂದೆ ಬೀಳಬೇಡಿ. ಅದು ಹಲವು ಮನೆಗಳಲ್ಲಿ ಬೇರೆಯೇ ಮೋರಿಗೋ ಬಾಳೆ ಗಿಡಕ್ಕೋ ಹೋಗುತ್ತದೆ.

ಒಂಟಿಯಾಗಿ ನಿಂತ ಪೈಪ್ ಏನಾದರೂ ಇದೆಯಾ ನೋಡಿ. ಮನೆಗೆ ತಾಗದೆ, ಕಾಂಪೌಂಡ್ ಗೋಡೆಗೆ ಒರಗಿ, ತಲೆಯ ಮೇಲೆ ಟೋಪಿ ಹಾಕಿಕೊಂಡು ನಿಂತಿದ್ದರೆ ಅದು ಟ್ಯಾಂಕಿನ ಗಾಳಿ ಪೈಪ್. ಅಲ್ಲಿಗೆ ನಿಮ್ಮ ಹುಡುಕಾಟ ಹೆಚ್ಚುಕಡಿಮೆ ಮುಗಿಯಿತು. ಬಣ್ಣ ಬಳಿಯುವವರು ಅಂದ ಕೆಡುತ್ತೆ ಅಂತ ಇದನ್ನು ಎಷ್ಟೋ ಕಡೆ ಕತ್ತರಿಸಿರುತ್ತಾರೆ. ಹಾಗಾಗಿ ನೆಲಮಟ್ಟದಲ್ಲಿ ತುಂಡಾದ ಪೈಪಿನ ಬಾಯಿಯನ್ನೂ ಹುಡುಕಿ.

ರಸ್ತೆ ಕಡೆಯಿಂದಲೂ ಒಮ್ಮೆ ನೋಡಿ. ಇಂಗುಗುಂಡಿ ಮಾಡಿಸದೆ ಟ್ಯಾಂಕಿನ ನೀರನ್ನು ಚರಂಡಿಗೆ ಬಿಟ್ಟವರು ಬೇಕಾದಷ್ಟು ಜನ. ಸರಿಯಲ್ಲ, ಆದರೆ ಇದೆ. ಚರಂಡಿಯ ಗೋಡೆಯಲ್ಲಿ ಕಪ್ಪಗಾದ ನಾಲ್ಕಿಂಚು ಪೈಪಿನ ಬಾಯಿ ಕಂಡರೆ, ಅದು ಟ್ಯಾಂಕಿನ ಹೊರದಾರಿ ಇರಬಹುದು. ಅಲ್ಲಿಂದ ಒಳಕ್ಕೆ ಒಂದು ಗೆರೆ, ಪಾಯಿಖಾನೆಯಿಂದ ಹೊರಕ್ಕೆ ಒಂದು ಗೆರೆ. ಎರಡೂ ಸೇರುವ ಕಡೆ ಟ್ಯಾಂಕ್.

ಚೇಂಬರ್ ತೆರೆದು ಅಳೆಯುವುದು

ಮಲದ ಪೈಪ್ ನೆಲ ಸೇರುವಲ್ಲಿ, ಅಥವಾ ಅದು ತಿರುಗುವಲ್ಲಿ, ಒಂದೂವರೆ–ಎರಡು ಅಡಿಯ ಚೌಕ ಚೇಂಬರ್ ಇರಬೇಕು. ಟೈಲ್ಸ್ ಕೆಳಗೆ ಹೋಗಿದ್ದರೆ, ಸಾಲು ತಪ್ಪಿದ ಟೈಲ್ಸ್, ಬೇರೆ ಬಣ್ಣದ ಗ್ರೌಟ್, ಕತ್ತರಿಸಿ ಕೂರಿಸಿದ ತುಂಡು ನೋಡಿ. ಟೈಲ್ಸ್ ಹಾಕಿದವನು ಚೇಂಬರ್ ಬಂದಲ್ಲಿ ಏನಾದರೊಂದು ಗುರುತು ಬಿಟ್ಟೇ ಹೋಗಿರುತ್ತಾನೆ.

ಮುಚ್ಚಳವನ್ನು ಹಾರೆಯಿಂದ ಮೀಟಿ ಪಕ್ಕಕ್ಕೆ ಸರಿಸಿ. ಹತ್ತು ನಿಮಿಷ ಹಾಗೇ ಬಿಡಿ. ಬೀಡಿ, ಸಿಗರೇಟ್, ಬೆಂಕಿಪೊಟ್ಟಣ ಹತ್ತಿರ ಬೇಡ. ಆಮೇಲೆ ಮನೆಯಲ್ಲಿ ಒಬ್ಬರಿಗೆ ಫ್ಲಷ್ ಮಾಡಲು ಹೇಳಿ, ನೀರು ಯಾವ ಪೈಪಿನಿಂದ ಬಂದು ಯಾವುದಕ್ಕೆ ಹೋಗುತ್ತದೆ ನೋಡಿ. ಎರಡು ಮೂರು ಪಾಯಿಖಾನೆ ಇದ್ದರೆ ಒಂದೊಂದಕ್ಕೂ ಒಂದು ಲೋಟ ಬಣ್ಣದ ನೀರು ಸುರಿಸಿ. ಅಡುಗೆಗೆ ಹಾಕುವ ಹಸಿರು ಬಣ್ಣ ಸಾಕು. ಎಲ್ಲವೂ ಒಂದೇ ಗುಂಡಿಗೆ ಹೋಗುತ್ತಿಲ್ಲ ಅನ್ನುವ ಸಂಗತಿ ಹಲವರಿಗೆ ಗೊತ್ತಾಗುವುದು ಆಗಲೇ.

ಹೊರಹೋಗುವ ಪೈಪಿನ ಮುಖ ಯಾವ ಕಡೆಗಿದೆಯೋ ಆ ಕಡೆಗೇ ದಾರಿ. ಮಲದ ಪೈಪನ್ನು ಗೊತ್ತಿದ್ದವರು ಚೇಂಬರ್ ಇಲ್ಲದೆ ತಿರುಗಿಸುವುದಿಲ್ಲ. ಚೇಂಬರಿನ ಮೇಲೆ ದಾರ ಹಿಡಿದು, ಪೈಪಿನ ನೇರಕ್ಕೆ ಎಳೆದು, ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಗೆರೆ ಹಾಕಿ.

ಈಗ ಆಳದ ಲೆಕ್ಕ. ನೆಲಮಟ್ಟದಿಂದ ಹೊರಪೈಪಿನ ತಳದವರೆಗೆ ಟೇಪ್ ಇಳಿಸಿ ಅಳೆಯಿರಿ. ನಾಲ್ಕಿಂಚು ಪೈಪಿಗೆ ವಾಟ ಸಾಮಾನ್ಯವಾಗಿ 40ಕ್ಕೆ 1ರಿಂದ 60ಕ್ಕೆ 1 ಇರುತ್ತದೆ. ಅಂದರೆ ಹತ್ತಡಿಗೆ ಎರಡರಿಂದ ಮೂರಿಂಚು ಇಳಿತ. ಚೇಂಬರಿನಲ್ಲಿ ಪೈಪ್ ಒಂದೂವರೆ ಅಡಿ ಆಳದಲ್ಲಿದ್ದು, ಟ್ಯಾಂಕ್ ಇಪ್ಪತ್ತು ಅಡಿ ದೂರ ಇದ್ದರೆ, ಅಲ್ಲಿ ಪೈಪಿನ ತಳ ಎರಡು ಅಡಿಯ ಹತ್ತಿರ ಬರುತ್ತದೆ. ಟ್ಯಾಂಕಿನ ಚಪ್ಪಡಿ ಅದಕ್ಕಿಂತ ಸುಮಾರು ಒಂದಡಿ ಮೇಲೆ. ಹಾಗಾದರೆ ಚಪ್ಪಡಿ ಸಿಗಬೇಕಾದ್ದು ಸುಮಾರು ಒಂದಡಿ ಆಳದಲ್ಲಿ. ನೆಲ ಸಮತಟ್ಟಾಗಿದ್ದರೆ ಈ ಲೆಕ್ಕ. ಆಮೇಲೆ ಮಣ್ಣು ತುಂಬಿಸಿ ಎತ್ತರ ಮಾಡಿದ್ದರೆ ಅಷ್ಟನ್ನು ಸೇರಿಸಿ, ಇಳಿಜಾರಾಗಿದ್ದರೆ ಕಳೆಯಿರಿ. ಮೂರಡಿ ಅಗೆದರೂ ಏನೂ ಸಿಗಲಿಲ್ಲ ಅನ್ನುವವರು ಎಷ್ಟೋ ಸಲ ಟ್ಯಾಂಕಿನ ಪಕ್ಕದಲ್ಲೇ ಅಗೆದಿರುತ್ತಾರೆ. ಆಳ ಮೊದಲೇ ಗೊತ್ತಿದ್ದರೆ ಎಲ್ಲಿ ನಿಲ್ಲಿಸಬೇಕು ಅಂತಲೂ ಗೊತ್ತಾಗುತ್ತದೆ.

ಸ್ಪ್ರಿಂಗ್ ಹಾಕಿ ದೂರ ತಿಳಿಯುವುದು

ದಿಕ್ಕು ಸಿಕ್ಕಿತು, ಆಳ ಸಿಕ್ಕಿತು, ಉಳಿದದ್ದು ದೂರ. ಪ್ಲಂಬರುಗಳ ಹತ್ತಿರ ಬ್ಲಾಕ್ ತೆಗೆಯುವ ಉದ್ದನೆಯ ಸ್ಪ್ರಿಂಗ್ ಇರುತ್ತದೆ. ಅದನ್ನು ಹೊರಪೈಪಿನೊಳಗೆ ನಿಧಾನಕ್ಕೆ ತಳ್ಳಿ. ಟ್ಯಾಂಕಿಗೆ ಪೈಪ್ ಸೇರುವ ಕಡೆ ನೀರು ಕೆಳಕ್ಕೆ ಬೀಳಲಿ ಅಂತ ಟೀ ಆಕಾರದ ತುಂಡು ಹಾಕಿರುತ್ತಾರೆ. ಸ್ಪ್ರಿಂಗ್ ಅದರ ಎದುರು ಗೋಡೆಗೆ ತಾಗಿ ಗಟ್ಟಿಯಾಗಿ ನಿಲ್ಲುತ್ತದೆ. ಕಸ ಕಟ್ಟಿದ್ದರೆ ಆ ತಡೆ ಮೆತ್ತಗಿರುತ್ತದೆ, ತಿರುಗಿಸಿದರೆ ಮುಂದೆ ಹೋಗುತ್ತದೆ. ಟೀ ಇಲ್ಲದ ಟ್ಯಾಂಕ್ ಆದರೆ ಇದ್ದಕ್ಕಿದ್ದಂತೆ ತಡೆಯೇ ಇಲ್ಲದೆ ಸ್ಪ್ರಿಂಗ್ ಸರ್ರನೆ ಒಳಗೆ ಹೋಗುತ್ತದೆ. ಮೂರರಲ್ಲಿ ಯಾವುದು ಅನ್ನುವುದು ಕೈಗೆ ಗೊತ್ತಾಗಲು ಒಂದೆರಡು ಸಲ ತಳ್ಳಿ, ಎಳೆದು ನೋಡಬೇಕು.

ನಿಂತ ಕಡೆ ಸ್ಪ್ರಿಂಗಿಗೆ ಟೇಪ್ ಸುತ್ತಿ ಗುರುತು ಮಾಡಿ, ಹೊರಗೆ ಎಳೆದು, ಅದೇ ಉದ್ದವನ್ನು ರಂಗೋಲಿ ಗೆರೆಯ ಮೇಲೆ ಅಳೆಯಿರಿ. ಸಿಕ್ಕ ಬಿಂದುವಿನ ಎಡಬಲಕ್ಕೆ ಸ್ವಲ್ಪ ಕಮಾನು ಎಳೆಯಿರಿ. ಪೈಪ್ ಎಲ್ಲಾದರೂ ಒಂಚೂರು ಸೊಟ್ಟ ಹೋಗಿದ್ದರೂ ಟ್ಯಾಂಕಿನ ಮೊದಲ ಗೋಡೆ ಆ ಕಮಾನಿನ ಮೇಲೇ ಇರುತ್ತದೆ. ಕೈಗವಸು ಹಾಕದೆ ಈ ಕೆಲಸ ಮಾಡಬೇಡಿ. ಸ್ಪ್ರಿಂಗನ್ನು ಬ್ಲೀಚಿಂಗ್ ಪೌಡರ್ ನೀರಲ್ಲಿ ತೊಳೆದು ವಾಪಸ್ ಕೊಡಿ.

ನೆಲ ಕೊಡುವ ಸುಳಿವು

ಚೇಂಬರೇ ಸಿಗದಿದ್ದರೆ ನೆಲವನ್ನು ನೋಡಬೇಕು. ಇದಕ್ಕೆ ಒಳ್ಳೆಯ ಕಾಲ ಮಾರ್ಚ್, ಏಪ್ರಿಲ್. ಎಲ್ಲ ಒಣಗಿರುವಾಗ ಒಂದು ಕಡೆ ಮಾತ್ರ ಗರಿಕೆ ಹಸಿರಾಗಿದ್ದರೆ, ಕೆಸು ಸೊಕ್ಕಿ ಬೆಳೆದಿದ್ದರೆ, ಒಂದು ಬಾಳೆ ಮಾತ್ರ ಉಳಿದವಕ್ಕಿಂತ ದಪ್ಪಗಿದ್ದರೆ, ಕೆಳಗೆ ಇಂಗುಗುಂಡಿಯೋ ಒಡೆದ ಪೈಪೋ ಇರಬಹುದು. ಟ್ಯಾಂಕಿನ ವಿಷಯ ಇದಕ್ಕೆ ತಿರುಗಾಮುರುಗಾ. ಚಪ್ಪಡಿಯ ಮೇಲೆ ಮಣ್ಣು ತೆಳ್ಳಗಿರುವುದರಿಂದ ಹುಲ್ಲು ಅಲ್ಲೇ ಮೊದಲು ಒಣಗುತ್ತದೆ. ಆಯತಾಕಾರದ ಒಣ ಪಟ್ಟಿ, ಅದರಾಚೆ ಒಂದು ಹಸಿರು ತೇಪೆ. ಇವೆರಡು ಅಕ್ಕಪಕ್ಕ ಕಂಡರೆ ಮತ್ತೆ ಯೋಚನೆ ಬೇಡ.

ಸಿಮೆಂಟ್ ನೆಲದ ಮೇಲಾದರೆ ಹಾರೆಯ ಮೊಂಡು ತುದಿಯಿಂದ ಮೆಲ್ಲಗೆ ಕುಟ್ಟುತ್ತಾ ಹೋಗಿ. ಗಟ್ಟಿ ನೆಲ ‘ಟಕ್’ ಅನ್ನುತ್ತದೆ. ಕೆಳಗೆ ಟೊಳ್ಳಿದ್ದರೆ ‘ಡೊಬ್’ ಅನ್ನುತ್ತದೆ, ಹಲಸಿನ ಹಣ್ಣು ಬಡಿದು ನೋಡಿದ ಹಾಗೆ. ರಾತ್ರಿ ಊಟ ಆದ ಮೇಲೆ ಒಮ್ಮೆ ಟಾರ್ಚ್ ಹಿಡಿದು ಹಿತ್ತಲಿಗೆ ಹೋಗಿ. ಒಂದೇ ಬಿರುಕಿನಿಂದ ಜಿರಳೆಗಳು ಸಾಲಾಗಿ ಬರುತ್ತಿದ್ದರೆ ಅದರ ಕೆಳಗೆ ಚೇಂಬರೋ ಗುಂಡಿಯೋ ಇದೆ. ಹೇಸಿಗೆ ಅನ್ನಿಸಬಹುದು, ಆದರೆ ನಂಬಬಹುದಾದ ಸುಳಿವು.

ತೆಂಗಿನಕಾಯಿ ಹಿಡಿದು ಬೋರ್‌ವೆಲ್ ಪಾಯಿಂಟ್ ನೋಡುವವರನ್ನು ಗುಂಡಿ ಹುಡುಕೋಕೂ ಕರೆಯುವವರಿದ್ದಾರೆ. ಆ ದುಡ್ಡನ್ನು ಪ್ಲಂಬರಿಗೆ ಕೊಡಿ.

ಕಂಬಿ ಚುಚ್ಚಿ ಅಂಚು ಹಿಡಿಯುವುದು

ಮಣ್ಣು ನೆಲವಾದರೆ ಕೊನೆಯ ಪರೀಕ್ಷೆ ಇದು. ನಾಲ್ಕಡಿ ಉದ್ದದ 10 ಅಥವಾ 12 ಎಂಎಂ ಕಂಬಿ ತೆಗೆದುಕೊಂಡು ಮೇಲ್ತುದಿಗೆ ಅಡ್ಡ ಹಿಡಿ ವೆಲ್ಡ್ ಮಾಡಿಸಿ. ಕೆಳತುದಿ ಚೂಪಾಗಿರುವುದು ಬೇಡ, ದುಂಡಗಿರಲಿ. ಚೂಪಾದದ್ದು ಪಿವಿಸಿ ಪೈಪನ್ನು ತೂತು ಮಾಡುತ್ತದೆ. ಹಳೆಯ ಮನೆಗಳ ಮಣ್ಣಿನ ಪೈಪ್ ಅಂತೂ ಒಂದೇ ಏಟಿಗೆ ಸೀಳುತ್ತದೆ.

ಅದಕ್ಕೂ ಮೊದಲು ಮಣ್ಣಡಿಯಲ್ಲಿ ಮತ್ತೇನಿದೆ ತಿಳಿದುಕೊಳ್ಳಿ. ಬೋರ್‌ವೆಲ್ ಮೋಟಾರಿನ ಕೇಬಲ್, ಗೇಟಿನ ದೀಪದ ವೈರು, ಮೀಟರಿನಿಂದ ಬರುವ ಕರೆಂಟ್ ಕೇಬಲ್, ಅರ್ಥಿಂಗ್ ಗುಂಡಿ, ನಗರಗಳಲ್ಲಿ ಈಗ ಅಡುಗೆ ಗ್ಯಾಸಿನ ಪೈಪ್ ಕೂಡ. ಮನೆಯ ಮೇನ್ ಸ್ವಿಚ್ ಆಫ್ ಮಾಡಿ. ಆದರೂ ಕಂಬದಿಂದ ಮೀಟರಿಗೆ ಬರುವ ಕೇಬಲ್ಲಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಆ ದಾರಿಯ ಹತ್ತಿರ ಕಂಬಿ ತರಲೇಬೇಡಿ. ಗ್ಯಾಸ್ ಪೈಪಿನ ದಾರಿಯೂ ಹಾಗೇ.

ಮಳೆ ಬಂದ ಮಾರನೆಯ ದಿನ, ಅಥವಾ ಸಂಜೆ ಚೆನ್ನಾಗಿ ನೀರು ಹಾಯಿಸಿ ಬೆಳಿಗ್ಗೆ, ಅಡಿಗೊಂದರಂತೆ ಚುಚ್ಚುತ್ತಾ ಹೋಗಿ. ಮೈಭಾರದಿಂದ ಒತ್ತಬೇಕು, ಸುತ್ತಿಗೆಯಿಂದ ಹೊಡೆಯಬಾರದು. ಅನುಮಾನದ ಜಾಗಕ್ಕೆ ಹೊರಗಿನಿಂದ ಒಳಕ್ಕೆ ಬನ್ನಿ, ನಡುವೆ ನಿಂತು ಶುರು ಮಾಡಬೇಡಿ. ಕುಸಿಯುವ ಚಪ್ಪಡಿ ಇದ್ದರೆ ನೀವು ಅದರ ಮೇಲೆ ಇರಬಾರದು. ಕಂಬಿಗೆ ಕಲ್ಲು ಸಿಕ್ಕರೆ ಪಕ್ಕಕ್ಕೆ ಅರ್ಧ ಅಡಿ ಸರಿದಾಗ ಇಳಿಯುತ್ತದೆ. ಚಪ್ಪಡಿ ಸಿಕ್ಕರೆ ಪಕ್ಕದಲ್ಲೂ ಅದೇ ಆಳಕ್ಕೆ ‘ಠಣ್’ ಅನ್ನುತ್ತದೆ, ಅದರ ಪಕ್ಕದಲ್ಲೂ. ತಾಗಿದಲ್ಲಿ ಬಿಳಿ ಪುಡಿ, ತಾಗದಲ್ಲಿ ಒಂದು ಎಲೆ ಇಡುತ್ತಾ ಬನ್ನಿ. ಟ್ಯಾಂಕಿನ ಆಯತ ನೆಲದ ಮೇಲೆ ಮೂಡುತ್ತದೆ. ರಿಂಗ್ ಗುಂಡಿಯಾದರೆ ದುಂಡಗೆ ಮೂಡುತ್ತದೆ.

ಮುಚ್ಚಳಗಳು ಹೆಚ್ಚಾಗಿ ಪೈಪ್ ಒಳಬರುವ ತುದಿಯಲ್ಲಿ ಒಂದು, ಹೊರಹೋಗುವ ತುದಿಯಲ್ಲಿ ಒಂದು. ಕೆಲವು ಕಡೆ ನಡುವೆ ಒಂದೇ. ಈಗ ಅಲ್ಲಿ ಮಾತ್ರ ಸನಿಕೆಯಿಂದ ಮಣ್ಣು ಸರಿಸಿ. ಇಂಗುಗುಂಡಿ ಬೇಕಿದ್ದರೆ ಹೊರತುದಿಯಿಂದ ಅದೇ ನೇರಕ್ಕೆ ಮುಂದುವರಿಯಿರಿ. ಕಂಬಿ ಇಟ್ಟಿಗೆ ಚೂರು, ಜಲ್ಲಿಯಲ್ಲಿ ಕಿರಕಿರ ಅನ್ನುತ್ತಾ ಸಿಕ್ಕಿಕೊಳ್ಳುವ ಜಾಗ ಅದು.

ಯಂತ್ರಗಳ ಬಗ್ಗೆ ಎರಡು ಮಾತು. ಮೆಟಲ್ ಡಿಟೆಕ್ಟರ್‌ಗೆ ಸುಮ್ನೆ ಬಾಡಿಗೆ ಕೊಡಬೇಡಿ. ಕಡಪ ಕಲ್ಲಿಗೂ ಪಿವಿಸಿಗೂ ಅದು ಬಾಯಿ ಬಿಡುವುದಿಲ್ಲ, ಹಿತ್ತಲಲ್ಲಿ ಹೂತ ಮೊಳೆ, ಬೈಂಡಿಂಗ್ ವೈರಿಗೆಲ್ಲ ಕೂಗುತ್ತದೆ. ಪೈಪಿನೊಳಗೆ ಕ್ಯಾಮೆರಾ ಬಿಡುವವರು ದೊಡ್ಡ ಊರುಗಳಲ್ಲಿ ಸಿಗುತ್ತಾರೆ. ಕ್ಯಾಮೆರಾದ ತುದಿಯಲ್ಲಿ ಸಿಗ್ನಲ್ ಕೊಡುವ ಸಾಧನ ಇದ್ದು, ಮೇಲಿನಿಂದ ಅದನ್ನು ಹಿಡಿಯುವ ಯಂತ್ರವೂ ಇದ್ದರೆ ಮಾತ್ರ ಜಾಗ ಗೊತ್ತಾಗುತ್ತದೆ. ಬರೀ ಕ್ಯಾಮೆರಾ ಪೈಪಿನ ಒಳಗನ್ನು ತೋರಿಸುತ್ತದೆ, ಅದು ಯಾವ ಟೈಲ್ಸ್ ಕೆಳಗಿದೆ ಅಂತ ಹೇಳುವುದಿಲ್ಲ. ಕರೆಯುವ ಮೊದಲೇ ಇದನ್ನು ಕೇಳಿಕೊಳ್ಳಿ. ಇಡೀ ಹಿತ್ತಲಿಗೆ ಗ್ರಾನೈಟ್ ಹಾಕಿದ್ದು, ಒಡೆಯುವ ಮನಸ್ಸಿಲ್ಲದಿದ್ದರೆ ಈ ಖರ್ಚು ಸಾರ್ಥಕ.

ಮುಚ್ಚಳ ಸಿಕ್ಕ ಮೇಲೆ

ಇಲ್ಲಿ ಅವಸರ ಮಾಡಿದವರು ಜೀವ ಕಳೆದುಕೊಂಡಿದ್ದಾರೆ. ಟ್ಯಾಂಕಿನೊಳಗೆ ಹೈಡ್ರೋಜನ್ ಸಲ್ಫೈಡ್ ಇರುತ್ತದೆ, ಮೀಥೇನ್ ಇರುತ್ತದೆ, ಆಮ್ಲಜನಕ ಕಡಿಮೆ ಇರುತ್ತದೆ. ಹೈಡ್ರೋಜನ್ ಸಲ್ಫೈಡಿಗೆ ಮೊದಲು ಕೊಳೆತ ಮೊಟ್ಟೆಯ ವಾಸನೆ. ಪ್ರಮಾಣ ಜಾಸ್ತಿಯಾದಾಗ ಮೂಗೇ ಮರಗಟ್ಟಿ ವಾಸನೆ ತಿಳಿಯುವುದಿಲ್ಲ. ‘ವಾಸನೆ ಹೋಯ್ತು, ಇನ್ನೇನೂ ಇಲ್ಲ’ ಅಂತ ಬಗ್ಗಿದವರು ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪಿ ಬೀಳುತ್ತಾರೆ. ಅವರನ್ನು ಎತ್ತಲು ಇನ್ನೊಬ್ಬರು ಇಳಿಯುತ್ತಾರೆ, ಅವರನ್ನು ಎತ್ತಲು ಮತ್ತೊಬ್ಬರು. ಪತ್ರಿಕೆಯಲ್ಲಿ ಒಂದೇ ಗುಂಡಿಯಲ್ಲಿ ಮೂವರು ಸತ್ತ ಸುದ್ದಿ ಓದಿರುತ್ತೀರಲ್ವಾ, ಅದು ನಡೆಯುವುದು ಹೀಗೆ.

ಮುಚ್ಚಳವನ್ನು ಗಾಳಿ ಬೀಸಿ ಬರುವ ಕಡೆ ನಿಂತು ಸರಿಸಿ. ತಲೆ ಒಳಗೆ ಹಾಕಿ ನೋಡಬೇಡಿ. ಬೆಂಕಿ ಕಡ್ಡಿ ಗೀರಿ ಗಾಳಿ ಪರೀಕ್ಷೆ ಮಾಡುವ ಹಳೆಯ ಪದ್ಧತಿ ಬೇಡವೇ ಬೇಡ, ಮೀಥೇನ್ ಹತ್ತಿಕೊಳ್ಳುತ್ತದೆ. ಯಾರನ್ನೂ ಒಳಗೆ ಇಳಿಸಬೇಡಿ. ಕೂಲಿಯವರು ತಾವಾಗಿ ‘ನಾನು ಇಳೀತೀನಿ ಅಮ್ಮಾ, ಐನೂರು ಜಾಸ್ತಿ ಕೊಡಿ’ ಅಂದರೂ ಬೇಡ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾನೂನಿನ ಪ್ರಕಾರ ರಕ್ಷಣೆಯ ಸಲಕರಣೆ ಇಲ್ಲದೆ ಟ್ಯಾಂಕ್ ಸ್ವಚ್ಛ ಮಾಡಲು ಜನರನ್ನು ಇಳಿಸುವುದು ಅಪರಾಧ. ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು, ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಇಂಥ ಸಾವಿಗೆ ಕೊಡುವ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ 30 ಲಕ್ಷಕ್ಕೆ ಏರಿಸಿತು. ಯಾರಾದರೂ ಬಿದ್ದರೆ ಹಿಂದೆ ಇಳಿಯದೆ 112ಕ್ಕೆ ಫೋನ್ ಮಾಡಿ. ಖಾಲಿ ಮಾಡುವುದು ಗಾಡಿಯ ಪೈಪಿನ ಕೆಲಸ. ಎರಡು ಕೋಣೆಯ ಟ್ಯಾಂಕ್ ಆಗಿದ್ದರೆ ಎರಡಕ್ಕೂ ಪೈಪ್ ಇಳಿಸಲು ಹೇಳಿ. ಹೂಳು ಜಾಸ್ತಿ ಇರುವುದು ಮೊದಲನೆಯದರಲ್ಲಿ.

ಮತ್ತೆ ಹುಡುಕದ ಹಾಗೆ

ಮುಚ್ಚಳ ಮುಚ್ಚುವ ಮೊದಲು ಅಳತೆ ಬರೆದುಕೊಳ್ಳಿ. ಮನೆಯ ಎರಡು ಮೂಲೆಗಳಿಂದ ಮುಚ್ಚಳದ ನಡುವಿಗೆ ಟೇಪ್ ಹಿಡಿದರೆ ಸಾಕು. ‘ಅಡುಗೆಮನೆ ಮೂಲೆಯಿಂದ 14 ಅಡಿ 3 ಇಂಚು, ಬಚ್ಚಲ ಮೂಲೆಯಿಂದ 9 ಅಡಿ 8 ಇಂಚು, ಆಳ 1 ಅಡಿ’ ಅಂತ ಬರೆದಿಟ್ಟರೆ ಮುಂದೆ ಯಾರು ಬಂದರೂ ಎರಡು ದಾರ ಹಿಡಿದು ಅದೇ ಜಾಗಕ್ಕೆ ಬರುತ್ತಾರೆ. ಗಿಡ, ಶೆಡ್ಡಿನ ಕಂಬ, ಕಾಂಪೌಂಡ್ ಇವುಗಳಿಂದ ಅಳೆಯಬೇಡಿ, ಅವು ಬದಲಾಗುತ್ತವೆ. ಮೊಬೈಲಿನ ಲೊಕೇಶನ್ ಕೂಡ ಸಾಲದು. ಅದು ಕೆಲವು ಮೀಟರ್ ಆಚೀಚೆ ತೋರಿಸುತ್ತದೆ, ಅಷ್ಟರಲ್ಲಿ ಗುಂಡಿ ಪಕ್ಕದ ಮನೆಗೆ ಹೋಗಿರುತ್ತದೆ. ಬರೆದ ಕಾಗದದ ಒಂದು ಪ್ರತಿ ಮೀಟರ್ ಬೋರ್ಡಿನ ಬಾಗಿಲ ಒಳಗೆ ಅಂಟಿಸಿ, ಇನ್ನೊಂದನ್ನು ಮನೆಯ ಪತ್ರದ ಜೊತೆ ಇಡಿ.

ಸಾಧ್ಯವಾದರೆ ಮುಚ್ಚಳದ ಸುತ್ತ ಎರಡು ವರಸೆ ಇಟ್ಟಿಗೆ ಕಟ್ಟಿಸಿ ನೆಲಮಟ್ಟಕ್ಕೆ ಎತ್ತರಿಸಿ, ಹಿಡಿಕೆ ಇರುವ ಗಟ್ಟಿ ಮುಚ್ಚಳ ಹಾಕಿಸಿ. ಎರಡು ಮೂರು ವರ್ಷಕ್ಕೊಮ್ಮೆ ಹೂಳು ತೆಗೆಸಬೇಕಾದ ಜಾಗ ಅದು. ಮೇಲೆ ಟೈಲ್ಸ್ ಹಾಕಲೇಬೇಕೆಂದಿದ್ದರೆ ಅಲ್ಲಿ ಬೇರೆ ಬಣ್ಣದ್ದು ಹಾಕಿಸಿ, ಸಿಮೆಂಟ್ ಬದಲು ಬರೀ ಮರಳಿನ ಮೇಲೆ ಕೂರಿಸಿ.

ಒಳಚರಂಡಿ ಬಂದ ಮೇಲೆ ಮರೆತ ಗುಂಡಿ

ಬೆಂಗಳೂರಿನವರಿಗೆ ಇನ್ನೊಂದು ಸಮಸ್ಯೆ ಇದೆ. 2007ರಲ್ಲಿ ಮಹಾನಗರ ಪಾಲಿಕೆಗೆ ಸೇರಿದ 110 ಹಳ್ಳಿಗಳ ಕಡೆ ಮನೆಗಳು ಮೊದಲು ಬಂದವು, ಒಳಚರಂಡಿ ಎಷ್ಟೋ ವರ್ಷದ ನಂತರ ಬಂತು. ಯುಜಿಡಿ (ಒಳಚರಂಡಿ) ಸಂಪರ್ಕ ಕೊಟ್ಟ ದಿನ ಪ್ಲಂಬರ್ ಪೈಪನ್ನು ರಸ್ತೆ ಕಡೆಗೆ ತಿರುಗಿಸಿ ಹೋದ. ಹಳೆಯ ಗುಂಡಿಯ ಕಥೆ ಯಾರೂ ಕೇಳಲಿಲ್ಲ. ಅದು ಈಗಲೂ ಅಲ್ಲೇ ಇದೆ, ಅರ್ಧ ನೀರು, ಅರ್ಧ ಗಾಳಿ ತುಂಬಿಕೊಂಡು. ಅದರ ಮೇಲೆ ಕಾರು ನಿಲ್ಲುತ್ತದೆ. ಹೀಗೆ ಬದಲಾದ ಮನೆ ಕೊಳ್ಳುವಾಗ ‘ಹಳೇ ಗುಂಡಿ ಏನು ಮಾಡಿದ್ರಿ?’ ಅಂತ ಕೇಳಲೇಬೇಕು.

ಇದನ್ನು ಹುಡುಕುವಾಗ ಫ್ಲಷ್, ಸ್ಪ್ರಿಂಗ್ ಪ್ರಯೋಜನಕ್ಕೆ ಬರುವುದಿಲ್ಲ, ನೀರು ಆ ದಾರಿ ಬಿಟ್ಟಾಗಿದೆ. ಆದರೆ ಹಳೆಯ ಚೇಂಬರಿನ ಗೋಡೆಯಲ್ಲಿ ಸಿಮೆಂಟ್ ಮೆತ್ತಿ ಮುಚ್ಚಿದ ದುಂಡು ಗುರುತು ಸಿಗಬಹುದು. ಆ ಗುರುತಿನ ನೇರಕ್ಕೆ ಗೆರೆ ಎಳೆದು ಕುಟ್ಟಿ ನೋಡಿ, ಮಣ್ಣಿದ್ದರೆ ಕಂಬಿ ಚುಚ್ಚಿ ನೋಡಿ. ಸಿಕ್ಕರೆ ಗಾಡಿ ಕರೆಸಿ ಪೂರ್ತಿ ಖಾಲಿ ಮಾಡಿಸಿ. ನೀರು ನಿಲ್ಲದಂತೆ ಹೊರಗಿನಿಂದಲೇ ಯಂತ್ರದಲ್ಲಿ ತಳ ಒಡೆಸಿ, ಚಪ್ಪಡಿ ತೆಗೆಸಿ, ಮರಳು ಅಥವಾ ಜಲ್ಲಿಪುಡಿಯನ್ನು ಒಂದೊಂದು ಅಡಿಗೆ ನೀರು ಹಾಕಿ ಕೂರಿಸುತ್ತಾ ತುಂಬಿಸಿ. ಒಡೆದ ಚಪ್ಪಡಿಯನ್ನು ಒಳಗೇ ಎಸೆದು ಮೇಲೆ ಮಣ್ಣು ಎಳೆದರೆ ಸಂದಿಗಳು ಉಳಿದು ಎರಡು ಮಳೆಗಾಲಕ್ಕೆ ನೆಲ ಮತ್ತೆ ಕುಸಿಯುತ್ತದೆ. ಕಾರು ನಿಲ್ಲುವ ಜಾಗವಾದರೆ ತುಂಬಿಸಿ ಒಂದು ಮಳೆಗಾಲ ಕಳೆಯಲು ಬಿಟ್ಟು, ಕೂತಷ್ಟು ಜಾಗಕ್ಕೆ ಮತ್ತೆ ಮರಳು ಹಾಕಿಸಿ, ಆಮೇಲೆ ಕಾಂಕ್ರೀಟ್ ಮಾಡಿಸಿ.